ಪರ-ವಿರೋಧ: ಕಾರ್ಬೂಸಿಯೇ ಸಿದ್ಧಾಂತದಿಂದ ಬೆಂಗಳೂರಿಗೆ ಒಳ್ಳೆಯದಾಯಿತೇ?

ಪರ: ಗೋಡೆಯ ತಲೆಭಾರ ಇಳಿಯಿತು

1914ರಲ್ಲಿ ವಾಸ್ತುಶಿಲ್ಪಿ ಲೆ ಕಾರ್ಬೂಸಿಯೇ ಬರೆದ ‘ಡೊಮಿನೊ’ ಎಂಬ ಮನೆಯ ಚೌಕಟ್ಟಿನ ಚಿತ್ರದಲ್ಲಿರುವುದು ಆರು ಕಂಬ, ಮೂರು ಸ್ಲ್ಯಾಬ್, ಒಂದು ಮೆಟ್ಟಿಲು, ಅಷ್ಟೇ. ಗೋಡೆಯೇ ಇಲ್ಲ. ಭಾರ ಹೊರುವುದು ಕಂಬದ ಕೆಲಸ, ಗೋಡೆ ಬರೀ ಮರೆ.

ಇವತ್ತು 30×40 ಸೈಟಿನಲ್ಲಿ ಮೇಸ್ತ್ರಿ ಪಿಲ್ಲರ್ ಎಬ್ಬಿಸುವುದೂ ಇದೇ ಲೆಕ್ಕದಲ್ಲಿ, ಆ ಹೆಸರು ಕೇಳಿರದಿದ್ದರೂ. ಬಸವನಗುಡಿಯ ಹಳೆಯ ಮನೆಗಳಲ್ಲಿ ಮೇಲಿನ ಗೋಡೆ ಕೆಳಗಿನ ಗೋಡೆಯ ಮೇಲೆಯೇ ಕೂರಬೇಕಿತ್ತು. ಕೆಳಗೆ ಅಡುಗೆಮನೆ ಇಕ್ಕಟ್ಟಾದರೆ ಮೇಲಿನ ಕೋಣೆಯೂ ಇಕ್ಕಟ್ಟು. ಪಿಲ್ಲರ್ ಬಂದ ಮೇಲೆ ಒಳಗೋಡೆ 9 ಇಂಚಿನಿಂದ 4.5 ಇಂಚಿಗೆ ಇಳಿಯಿತು. 100 ಅಡಿ ಉದ್ದದ ಒಳಗೋಡೆ ಇದ್ದರೆ 37.5 ಚದರಡಿ ಉಳಿಯಿತು, ಅಂದರೆ ಒಂದು ಬಚ್ಚಲುಮನೆ.

ಹೊರಗಿನ ಸಿದ್ಧಾಂತ ಇಲ್ಲಿಗೆ ಒಗ್ಗದು ಎನ್ನುವವರು ಬನ್ನೇರುಘಟ್ಟ ರಸ್ತೆಯ ಐಐಎಂ ನೋಡಿಬರಲಿ. ಕಾರ್ಬೂಸಿಯೇ ಬಳಿ ಪಳಗಿದ ವಾಸ್ತುಶಿಲ್ಪಿ ಬಿ.ವಿ. ದೋಶಿ ಗುರುವಿನ ಕಾಂಕ್ರೀಟ್ ಉಳಿಸಿಕೊಂಡು, ಅಂಗಳ-ಓಣಿಗಳ ಜೋಡಣೆಯನ್ನು ಫತೇಪುರ್ ಸಿಕ್ರಿಯಿಂದ ತಂದರು. ಗೋಡೆಗೆ ನಮ್ಮ ಬೂದುಗಲ್ಲು, ಓಣಿಯ ಮೇಲೆ ಬಳ್ಳಿ ಹಬ್ಬಿದ ಚಪ್ಪರ.

ವಿರೋಧ: ಕೊಕ್ಕೆ ಬಾಗಿದ್ದೆಷ್ಟು ಡಿಗ್ರಿ?

ಐಐಎಂ ಚೆನ್ನಾಗಿದೆ, ಒಪ್ಪೋಣ. ಆದರೆ 100 ಎಕರೆಯೂ ದೋಶಿಯೂ ಎಲ್ಲರಿಗೂ ಸಿಗುತ್ತಾರೆಯೇ? ಗೋಡೆ ಭಾರ ಹೊರುವುದಿಲ್ಲ ಅಂದಮೇಲೆ ಗಾಜಾದರೇನು ಎಂಬ ತರ್ಕವೇ ಹೊರ ವರ್ತುಲ ರಸ್ತೆಯ ಆಫೀಸುಗಳಾಗಿ ನಿಂತಿದೆ. ಬೆಂಗಳೂರು 13 ಡಿಗ್ರಿ ಅಕ್ಷಾಂಶದಲ್ಲಿದೆ. ಡಿಸೆಂಬರ್ ನಡುಹಗಲು ಸೂರ್ಯ ದಕ್ಷಿಣಕ್ಕೆ ಸುಮಾರು 53 ಡಿಗ್ರಿ ಎತ್ತರದಲ್ಲಿರುವಾಗ 2 ಅಡಿ ಸಜ್ಜಾ ಕಿಟಕಿಗೆ 2.7 ಅಡಿ ನೆರಳು ಕೊಡುತ್ತದೆ. ಪಶ್ಚಿಮದಲ್ಲಿ ಸೂರ್ಯ 30 ಡಿಗ್ರಿಗೆ ಇಳಿದನೋ, ಅದೇ ಸಜ್ಜಾದ ನೆರಳು 1.15 ಅಡಿ. ಅಲ್ಲಿ ಬೇಕಾದದ್ದು ತೂತುತೂತಾದ ಜಾಲಿ ಗೋಡೆ, ಇಲ್ಲವೇ ಲಂಬ ಹಲಗೆಗಳು. ಹಾಕಿದ್ದು ಗಾಜು, ಒಳಗೆ ಎಸಿ, ಪರದೆ, ಹಗಲಲ್ಲೂ ಲೈಟು. ಕಾರ್ಬೂಸಿಯೇ ಅವರೇ ಆಮೇಲೆ ಬಿಸಿಲು ತಡೆಯುವ ಕಾಂಕ್ರೀಟ್ ಹಲಗೆಗಳಿಗೆ ಬಂದರು. ನಮ್ಮವರು ಮೊದಲ ಪಾಠಕ್ಕೇ ಪುಸ್ತಕ ಮುಚ್ಚಿದರು.

ಕಟ್ಟಡವನ್ನು ಬರೀ ಕಂಬಗಳ ಮೇಲೆ ನಿಲ್ಲಿಸಿ ಕೆಳಗೆ ಕಾರಿಗೆ ಜಾಗ ಬಿಡುವ ಸ್ಟಿಲ್ಟ್ ಪಾರ್ಕಿಂಗ್‌ನದು ಇನ್ನೂ ದೊಡ್ಡ ಗೋಳು. ಮೇಲಿನ ಮಹಡಿಗಳಿಗೆ ಇಟ್ಟಿಗೆ ಗೋಡೆಯ ಬಿಗಿ ಇರುತ್ತದೆ, ಕೆಳಗೆ ಬರೀ ಪಿಲ್ಲರ್. ನೆಲ ಅಲುಗಿದರೆ ಬಾಗುವುದೆಲ್ಲ ಅಲ್ಲೇ. 2001ರ ಭುಜ್ ಭೂಕಂಪದಲ್ಲಿ ಅಹಮದಾಬಾದಿನ ಇಂಥ ಅಪಾರ್ಟ್‌ಮೆಂಟುಗಳು ಕುಸಿದವು. ಪಿಲ್ಲರಿನ ಎರಡೂ ತುದಿಗಳಲ್ಲಿ, ಉದ್ದದ ಕಂಬಿಗಳನ್ನು ಸುತ್ತಿ ಹಿಡಿಯುವ ರಿಂಗುಗಳ ಅಂತರ 4 ಇಂಚು ಮೀರಬಾರದು, ರಿಂಗಿನ ಕೊಕ್ಕೆ 135 ಡಿಗ್ರಿ ಬಾಗಿ ಒಳಗಿನ ಕಾಂಕ್ರೀಟಿಗೆ ಕಚ್ಚಿರಬೇಕು. ಸೈಟಿನಲ್ಲಿ ಬಾರ್ ಬೆಂಡರ್ 90ಕ್ಕೇ ಬಿಡುತ್ತಾನೆ, ಕೈಗೆ ಸಲೀಸು. ಹೊರಗಿನ ಕಾಂಕ್ರೀಟ್ ಉದುರಿದೊಡನೆ ಆ ಕೊಕ್ಕೆ ಬಿಚ್ಚಿಕೊಳ್ಳುತ್ತದೆ, ಉದ್ದದ ಕಂಬಿಗಳು ಹೊರಕ್ಕೆ ಉಬ್ಬುತ್ತವೆ.