ಹಿಮ ಅಳೆಯುವ ಹಲಗೆ ಮತ್ತು ಸೊಂಟದುದ್ದದ ನೆನಪು

ರಾತ್ರಿ ಒಂದು ಗಂಟೆ. ಒಂದು ಕೈಲಿ ಟಾರ್ಚ್, ಇನ್ನೊಂದರಲ್ಲಿ ಸ್ಕೇಲು. ಹಿತ್ತಿಲಲ್ಲಿ ಬಿಳಿ ಬಣ್ಣ ಬಳಿದ ಎರಡಡಿ ಪ್ಲೈವುಡ್ ಹಲಗೆ ಇಟ್ಟಿದ್ದೇನೆ. ಹಿಮದಡಿ ಹುದುಗಿದರೆ ಹುಡುಕೋಕೆ ಅಂತ ಪಕ್ಕದಲ್ಲೊಂದು ಕೋಲು. ಸ್ಕೇಲನ್ನು ನೆಟ್ಟಗೆ ಇಳಿಸಿದೆ. 5.3 ಇಂಚು. ಬರೆದುಕೊಂಡೆ, ಹಲಗೆ ಗುಡಿಸಿದೆ, ಹೊಸ ಹಿಮದ ಮೇಲೆ ಮತ್ತೆ ಇಟ್ಟು ಒಳಗೆ ಬಂದೆ. ಹಾಸಿಗೆಯಿಂದಲೇ ಪ್ರಶ್ನೆ ಬಂತು: "ಎಷ್ಟಾದ್ರೆ ಏನ್ರೀ, ಬೆಳಿಗ್ಗೆ ಎತ್ತಿ ಹಾಕೋದು ನೀವೇ ಅಲ್ವಾ?"

ಬೆಳಿಗ್ಗೆ ಸಲಿಕೆ ಹಿಡಿದು ನಿಂತಿದ್ದಾಗ ಪಕ್ಕದ ಮನೆಯ ಹಿರಿಯರು ಬಂದರು. ಅವರದು ಯಾವಾಗಲೂ ಒಂದೇ ಮಾತು. ಇದೂ ಒಂದು ಹಿಮವೇ, ನಾನು ಚಿಕ್ಕವನಿದ್ದಾಗ ಸೊಂಟದವರೆಗೆ ಬೀಳುತ್ತಿತ್ತು ಅಂತ. ಆಗ ಅವರಿಗೆ ಆರು ವರ್ಷವಂತೆ. ಆರು ವರ್ಷದ ಹುಡುಗನ ಸೊಂಟ ಎಷ್ಟೆತ್ತರ ಇರುತ್ತೆ ಹೇಳಿ!

ನೆನಪನ್ನು ಬಿಡಿ, ದಾಖಲೆಯನ್ನಾದರೂ ನಂಬೋಣ ಅಂದರೆ ಅಲ್ಲೂ ತಕರಾರು. ಬಿದ್ದ ಹಿಮ ಬಿದ್ದ ಹಾಗೇ ಇರಲ್ಲ. ತನ್ನ ಭಾರಕ್ಕೆ ತಾನೇ ಕುಗ್ಗುತ್ತದೆ. ಸಂಜೆ ಎಂಟು ಇಂಚಿದ್ದದ್ದು ಬೆಳಿಗ್ಗೆ ಆರಾಗಿರುತ್ತದೆ. ಗಂಟೆಗೊಮ್ಮೆ ಅಳೆದು ಗುಡಿಸಿ ಕೂಡಿಸುತ್ತಾ ಹೋದರೆ ಮೊತ್ತ ಸುಮ್ಮನೆ ಉಬ್ಬುತ್ತದೆ. ಅದಕ್ಕೇ ಅಮೆರಿಕದಲ್ಲಿ ಆರು ಗಂಟೆಗೊಮ್ಮೆ, ದಿನಕ್ಕೆ ನಾಲ್ಕು ಸಲ ಮಾತ್ರ ಗುಡಿಸಿ ಅಳೆಯಬಹುದು ಅನ್ನುವ ನಿಯಮ. 1997ರ ಜನವರಿಯಲ್ಲಿ ನ್ಯೂಯಾರ್ಕ್ ರಾಜ್ಯದ ಮಾಂಟೇಗ್ ಎಂಬಲ್ಲಿ ಒಂದೇ ದಿನದಲ್ಲಿ 77 ಇಂಚು ಅಂತ ವರದಿಯಾಯಿತು. ದೇಶದ ದಾಖಲೆಯೇ ಮುರಿಯಬೇಕಿತ್ತು. ಆದರೆ ನಾಲ್ಕರ ಬದಲು ಆರು ಸಲ ಅಳೆದಿದ್ದರು. ಅದನ್ನು ದಾಖಲೆ ಅಂತ ಒಪ್ಪಲಿಲ್ಲ. 1921ರಲ್ಲಿ ಕೊಲರಾಡೋದ ಸಿಲ್ವರ್ ಲೇಕ್‌ನಲ್ಲಿ ಬಿದ್ದ 75.8 ಇಂಚಿನ ದಾಖಲೆ ಹಾಗೇ ಉಳಿಯಿತು. ಅಷ್ಟು ಹಿಮದಲ್ಲಿ ಆರು ಸಲ ಹೊರಗೆ ಹೋದ ಮನುಷ್ಯನ ಬಗ್ಗೆ ನನಗಂತೂ ಪಾಪ ಅನಿಸುತ್ತದೆ.

2016ರ ಜನವರಿಯದು ಇನ್ನೂ ತಮಾಷೆ. ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನಲ್ಲಿ 26.8 ಇಂಚು ಬಿತ್ತು ಅಂದರು. 2006ರ ದಾಖಲೆ 26.9. ಒಂದು ಇಂಚಿನ ಹತ್ತನೇ ಒಂದು ಭಾಗದಲ್ಲಿ ತಪ್ಪಿಹೋಯಿತಲ್ಲ ಅಂತ ಹಿಮದ ಹುಚ್ಚರೆಲ್ಲ ಕೈ ಹಿಸುಕಿಕೊಂಡರು. ಕೆಲವು ತಿಂಗಳ ನಂತರ ಮರುಪರಿಶೀಲನೆ ಮಾಡಿ 27.5 ಅಂತ ತಿದ್ದಿದರು. ಅಂದರೆ ಆ ದಾಖಲೆ ಮುರಿದದ್ದು ಹಿಮವೆಲ್ಲ ಕರಗಿದ ಮೇಲೆ!

ಇದೆಲ್ಲ ಒಂದು ಹಿಮದ ಬಿರುಗಾಳಿಗೂ ಇನ್ನೊಂದಕ್ಕೂ ನಡುವಿನ ಜಗಳ. ಇಡೀ ಚಳಿಗಾಲಗಳನ್ನು ಹೋಲಿಸುವಾಗ ಬರೀ ಮೊತ್ತ ನೋಡುವುದು ನನಗೆ ಸರಿ ಕಾಣಲ್ಲ. ಬಾಸ್ಟನ್ ನೋಡಿ. 1995-96ರಲ್ಲಿ 107.6 ಇಂಚು. 2014-15ರಲ್ಲಿ 110.6. ಮೂರೇ ಇಂಚು ವ್ಯತ್ಯಾಸ, ಹೆಚ್ಚುಕಮ್ಮಿ ಒಂದೇ ಅಲ್ವಾ ಅನಿಸುತ್ತದೆ. ಅಲ್ಲ. 2015ರಲ್ಲಿ ಜನವರಿ ಮೂರನೇ ವಾರದವರೆಗೂ ಹಿಮವೇ ಇಲ್ಲ ಅನ್ನುವ ಹಾಗಿತ್ತು. ಆಮೇಲೆ ಬಿರುಗಾಳಿಯ ಮೇಲೆ ಬಿರುಗಾಳಿ. ಫೆಬ್ರವರಿ ಒಂದರಲ್ಲೇ 64.8 ಇಂಚು. ನಡುವೆ ಕರಗಲು ಬಿಸಿಲೇ ಬರಲಿಲ್ಲ. ರಸ್ತೆಯಿಂದ ಎತ್ತಿದ ಹಿಮವನ್ನು ಎಲ್ಲಿ ಸುರಿಯುವುದು ಅಂತ ನಗರವೇ ತಲೆ ಕೆಡಿಸಿಕೊಂಡಿತು. ಹಾಗೆ ಸುರಿದ ಒಂದು ರಾಶಿ ಕಸ ಮೆತ್ತಿಕೊಂಡು ಕಪ್ಪಾಗಿ, ಕೊನೆಗೆ ಕರಗಿ ಮುಗಿದದ್ದು ಜುಲೈ 14ಕ್ಕೆ. ಈ ಕಥೆ ಮೊತ್ತದಲ್ಲಿ ಎಲ್ಲಿ ಕಾಣುತ್ತದೆ?

ಎಂಥ ಹಿಮ ಅನ್ನುವುದೂ ಮುಖ್ಯ. ಲೆಕ್ಕಕ್ಕೆ ಹತ್ತು ಇಂಚು ಹಿಮಕ್ಕೆ ಒಂದು ಇಂಚು ನೀರು ಅಂತಾರೆ. ಕಡು ಚಳಿಯಲ್ಲಿ ಬೀಳುವ ಹತ್ತಿಯಂಥ ಹಿಮ ಇಪ್ಪತ್ತು ಇಂಚು ಸೇರಿದರೂ ನೀರು ಅಷ್ಟೇ. ಒದ್ದೆ ಹಿಮ ಐದೇ ಇಂಚಿಗೆ ಅಷ್ಟು ನೀರು ಹೊತ್ತಿರುತ್ತದೆ. ಮೊದಲನೆಯದನ್ನು ಪೊರಕೆಯಲ್ಲಿ ತಳ್ಳಬಹುದು. ಎರಡನೆಯದು ನನ್ನ ಬೆನ್ನಿಗೆ ಚೆನ್ನಾಗಿ ನೆನಪಿದೆ.

ಹಿಮವೇ ಸರಿಯಾಗಿ ಬೀಳದ ಒಂದು ಚಳಿಗಾಲ ನೋಡಿ "ಹಿಮದ ಕಾಲ ಮುಗೀತು" ಅನ್ನುವವರೂ, ಒಂದು ದೊಡ್ಡ ಬಿರುಗಾಳಿ ನೋಡಿ "ಭೂಮಿಯ ಬಿಸಿಯೇರಿಕೆ ಎಲ್ಲಾ ಸುಳ್ಳು" ಅನ್ನುವವರೂ ನನಗೆ ಒಂದೇ. ಬಾಸ್ಟನ್ನಿನಲ್ಲಿ 2011-12ರಲ್ಲಿ ಬಿದ್ದದ್ದು 9.3 ಇಂಚು ಮಾತ್ರ. ಮೂರು ವರ್ಷ ಬಿಟ್ಟು ಆ 110.6. ಬೆಚ್ಚಗಿನ ಗಾಳಿ ಜಾಸ್ತಿ ತೇವ ಹೊರುತ್ತದೆ. ಹಾಗಾಗಿ ಬೆಚ್ಚಗಿನ ವರ್ಷದಲ್ಲೂ ನಾಲ್ಕು ದಿನ ಸರಿಯಾಗಿ ಚಳಿ ಕೂಡಿಬಂದರೆ ಸಾಕು, ಭಾರಿ ಹಿಮ ಸುರಿಯಬಹುದು. ಏನಾದರೂ ಹೇಳಬೇಕಿದ್ದರೆ ಕೆಲವು ದಶಕಗಳ ಲೆಕ್ಕ ಒಟ್ಟಿಗೆ ಬೇಕು.

ಅದಕ್ಕೇ ನನ್ನ ನೋಟ್‌ಬುಕ್ಕಿನಲ್ಲಿ ಇಂಚಿನ ಪಕ್ಕ ಇನ್ನೂ ಎರಡು ಕಾಲಂ ಮಾಡಿಕೊಂಡಿದ್ದೇನೆ. ಕರಗಿಸಿದರೆ ಎಷ್ಟು ನೀರು, ನೆಲ ಎಷ್ಟು ದಿನ ಬೆಳ್ಳಗಿತ್ತು. ಮೂರನ್ನೂ ನೋಡಿದಾಗ ಹಿಂದಿನ ಚಳಿಗಾಲಗಳ ಕ್ರಮವೇ ಬದಲಾಗುತ್ತದೆ. ನಾನು ಸಪ್ಪೆ ಅಂದುಕೊಂಡಿದ್ದ ಒಂದು ವರ್ಷ ನೆಲ ಬೆಳ್ಳಗಿದ್ದ ದಿನಗಳಲ್ಲಿ ಎಲ್ಲಕ್ಕಿಂತ ಮೇಲಿದೆ!

ಮುಂದಿನ ಬುಧವಾರ ಮತ್ತೊಂದು ಬಿರುಗಾಳಿ ಬರುವ ಹಾಗಿದೆ. ಹವಾಮಾನ ಮುನ್ಸೂಚನೆ ಕೊಡುವ ಕಂಪ್ಯೂಟರ್ ಮಾಡೆಲ್‌ಗಳಲ್ಲಿ ಯುರೋಪಿನದು 14 ಇಂಚು ಅನ್ನುತ್ತಿದೆ, ಅಮೆರಿಕದ್ದು 4. ಐದು ದಿನ ಮುಂಚೆ ಎರಡನ್ನೂ ನಂಬಲ್ಲ ಅನ್ನುತ್ತಲೇ ಆರು ಗಂಟೆಗೊಮ್ಮೆ ತೆರೆದು ನೋಡುತ್ತಿದ್ದೇನೆ. ಹಲಗೆಯ ಬಣ್ಣ ಒಂದು ಮೂಲೆಯಲ್ಲಿ ಎದ್ದುಬಂದಿದೆ. ಕಪ್ಪು ಮರ ಕಂಡರೆ ಅಲ್ಲಿ ಹಿಮ ಬೇಗ ಕರಗುತ್ತದೆ. ಮಂಗಳವಾರದೊಳಗೆ ಒಂದು ಕೋಟ್ ಬಳಿಯಬೇಕು.