ಶೇಕಡಾ 10ರ ಹೊಣೆ

2019ರ ಜುಲೈನಲ್ಲಿ ನೆದರ್ಲೆಂಡ್ಸಿನ ಸುಪ್ರೀಂ ಕೋರ್ಟ್ ಒಂದು ವಿಚಿತ್ರ ಲೆಕ್ಕ ಹಾಕಿತು. 1995ರಲ್ಲಿ ಬೋಸ್ನಿಯಾದ ಸ್ರೆಬ್ರೆನಿತ್ಸಾ ಬಳಿ ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಯಲ್ಲಿದ್ದ ಡಚ್ ಸೈನಿಕರು ತಮ್ಮ ಶಿಬಿರದಿಂದ ಹೊರಗೆ ಕಳಿಸಿದ 350 ಗಂಡಸರನ್ನು ಒಳಗೇ ಉಳಿಸಿಕೊಂಡಿದ್ದರೆ ಅವರು ಬದುಕುವ ಸಾಧ್ಯತೆ ಶೇಕಡಾ 10ರಷ್ಟಿತ್ತು. ಹಾಗಾಗಿ ಸರ್ಕಾರದ ಹೊಣೆಯೂ ಅಷ್ಟೇ. ಕೆಳಗಿನ ನ್ಯಾಯಾಲಯ ಶೇಕಡಾ 30 ಎಂದಿತ್ತು. ಹೇಗ್ ನಗರದಲ್ಲಿ ನೆಲೆಸಿರುವ ನನಗೆ ಈ ಲೆಕ್ಕ ಇಂದಿಗೂ ಕ್ರೂರವೆನಿಸುತ್ತದೆ. ಆದರೂ ಕೊಲ್ಲದೆ ಕೇವಲ ಕೈಕಟ್ಟಿ ನಿಂತದ್ದಕ್ಕಾಗಿ ತನ್ನದೇ ಸರ್ಕಾರವನ್ನು ಕಟಕಟೆಗೆ ತಂದು ನಿಲ್ಲಿಸಿದ ದೇಶ ಬೇರೆ ಎಷ್ಟಿವೆ?

ಸ್ರೆಬ್ರೆನಿತ್ಸಾವನ್ನು 1993ರಲ್ಲಿ ವಿಶ್ವಸಂಸ್ಥೆಯ ಭದ್ರತಾ ಮಂಡಳಿಯೇ ‘ಸುರಕ್ಷಿತ ಪ್ರದೇಶ’ ಎಂದು ಘೋಷಿಸಿತ್ತು. ಇಂಥ ಪ್ರದೇಶಗಳನ್ನು ಕಾಯಲು 34,000 ಸೈನಿಕರು ಬೇಕೆಂದು ಕೇಳಿದಾಗ ಮಂಜೂರಾದದ್ದು 7,600. 1995ರ ಜುಲೈ 11ರಂದು ಊರು ಬೋಸ್ನಿಯಾದ ಸರ್ಬ್ ಸೇನಾಧಿಪತಿ ರಾತ್ಕೊ ಮ್ಲಾದಿಚ್‌ನ ಪಡೆಗಳ ವಶವಾಯಿತು. ಕೆಲವೇ ದಿನಗಳಲ್ಲಿ 8,000ಕ್ಕೂ ಹೆಚ್ಚು ಮುಸ್ಲಿಂ ಗಂಡಸರು, ಹುಡುಗರು ಕೊಲೆಯಾದರು. ವಿಶ್ವಸಂಸ್ಥೆಯ ದುಭಾಷಿಯಾಗಿದ್ದ ಹಸನ್ ನುಹಾನೊವಿಚ್‌ಗೆ ಶಿಬಿರದಲ್ಲಿ ಉಳಿಯಲು ಅವಕಾಶ ಸಿಕ್ಕಿತು, ಮನೆಯವರಿಗೆ ಸಿಗಲಿಲ್ಲ. ಹೊರಡಬೇಕೆಂಬ ಡಚ್ಚರ ಆದೇಶವನ್ನು ತಾಯಿಗೂ ತಮ್ಮನಿಗೂ ಅವರ ಭಾಷೆಯಲ್ಲಿ ತಾನೇ ತಿಳಿಸಬೇಕಾಯಿತು. ತಂದೆಯೂ ಅವರ ಜೊತೆ ಹೊರಟರು. ಮೂವರೂ ಹತರಾದರು. ಹಸನ್ ಬಿಡಲಿಲ್ಲ, ವರ್ಷಗಟ್ಟಲೆ ಹೋರಾಡಿ 2013ರಲ್ಲಿ ಇದೇ ಸುಪ್ರೀಂ ಕೋರ್ಟಿನಲ್ಲಿ ಗೆದ್ದರು. ಅದಕ್ಕೂ ಮೊದಲೇ, 2002ರಲ್ಲಿ, ತನಿಖಾ ವರದಿ ಹೊರಬಂದ ವಾರದೊಳಗೆ ಡಚ್ ಪ್ರಧಾನಿ ವಿಮ್ ಕಾಕ್ ಅವರ ಸಂಪುಟ ರಾಜೀನಾಮೆ ಕೊಟ್ಟಿತ್ತು.

ನಮ್ಮ ದಾರಿ ಬೇರೆ. ಡಚ್ಚರ ಬಳಿ ಅನುಮತಿಯಿತ್ತು, ಬಲವಿರಲಿಲ್ಲ. 1971ರಲ್ಲಿ ಭಾರತಕ್ಕೆ ಬಲವಿತ್ತು, ಜಗತ್ತಿನ ಅನುಮತಿ ಇರಲಿಲ್ಲ. ಪೂರ್ವ ಬಂಗಾಳದಲ್ಲಿ ಪಾಕಿಸ್ತಾನಿ ಸೇನೆಯ ನರಮೇಧ ನಡೆದು ಸುಮಾರು ಒಂದು ಕೋಟಿ ಜನ ಗಡಿ ದಾಟಿ ಬಂದಿದ್ದರು. ಆದರೂ ಡಿಸೆಂಬರ್ 7ರಂದು ವಿಶ್ವಸಂಸ್ಥೆಯ ಸಾಮಾನ್ಯ ಸಭೆಯಲ್ಲಿ 104 ದೇಶಗಳು ಕದನವಿರಾಮದ ಪರವಾಗಿ ಮತ ಹಾಕಿದವು, ವಿರುದ್ಧ ಬಿದ್ದದ್ದು 11. ಆ ಮತಕ್ಕೆ ತಲೆಬಾಗಿದ್ದರೆ ಢಾಕಾದ ಗತಿ ಏನಾಗುತ್ತಿತ್ತೋ! ಭಾರತಕ್ಕೆ ಸ್ವಾರ್ಥ ಇರಲಿಲ್ಲವೆಂದಲ್ಲ, ಧಾರಾಳವಾಗಿಯೇ ಇತ್ತು. ಶುದ್ಧ ಮನಸ್ಸಿನಿಂದ ಸುಮ್ಮನೆ ನಿಲ್ಲುವವನಿಗಿಂತ ಲಾಭದ ಲೆಕ್ಕ ಹಾಕಿಯಾದರೂ ಕೊಲೆ ತಡೆಯುವವನೇ ಮೇಲು ಎಂಬುದು ನನ್ನ ಅಭಿಪ್ರಾಯ.

ಇಲ್ಲಿಯ ಗೆಳೆಯರು ಇದನ್ನು ಒಪ್ಪುವುದಿಲ್ಲ. ಹಾಗಾದರೆ ನಾಳೆ ಯಾರು ಬೇಕಾದರೂ ಜನಾಂಗಹತ್ಯೆಯ ನೆಪ ಹೇಳಿ ನುಗ್ಗಬಹುದಲ್ಲ ಎನ್ನುತ್ತಾರೆ. ಅವರ ಮಾತನ್ನು ತಳ್ಳಿಹಾಕುವಂತಿಲ್ಲ: 2022ರಲ್ಲಿ ರಷ್ಯಾ ಉಕ್ರೇನಿನ ಮೇಲೆ ನುಗ್ಗುವಾಗ ಆಡಿದ್ದು ಅದೇ ಮಾತು. ಆ ವರ್ಷದ ಮಾರ್ಚ್‌ನಲ್ಲಿ ಇಲ್ಲಿಯ ಶಾಂತಿ ಅರಮನೆಯಲ್ಲಿ ಕುಳಿತ ಅಂತರರಾಷ್ಟ್ರೀಯ ನ್ಯಾಯಾಲಯ ಸೇನಾ ಕಾರ್ಯಾಚರಣೆ ನಿಲ್ಲಿಸೆಂದು ಆದೇಶಿಸಿತು. ರಷ್ಯಾ ಕಿವಿಗೆ ಹಾಕಿಕೊಳ್ಳಲಿಲ್ಲ, ಆ ಮಾತು ಬೇರೆ.

ಹಾಗಾಗಿ ಡಚ್ಚರಿಂದ ನಾವು ಕಲಿಯಬೇಕಾದದ್ದು ಅನುಮತಿಗೆ ಕಾಯುವುದನ್ನಲ್ಲ, ಆಮೇಲೆ ಲೆಕ್ಕ ಒಪ್ಪಿಸುವುದನ್ನು. ಗೆದ್ದವರು ನಾವು, ಡಿಸೆಂಬರ್ 16 ಬಂತೆಂದರೆ ಬೆನ್ನು ತಟ್ಟಿಕೊಳ್ಳುತ್ತೇವೆ. ಯುದ್ಧ ಮುಗಿದ ಮೇಲೆ ಪಾಕಿಸ್ತಾನದ ಪರ ಎನಿಸಿಕೊಂಡಿದ್ದ ಬಾಂಗ್ಲಾದೇಶದ ಉರ್ದು ಭಾಷಿಕ ಬಿಹಾರಿ ಮುಸ್ಲಿಮರ ಮೇಲೆ ಸೇಡಿನ ಕೊಲೆಗಳು ನಡೆದಾಗ ನಮ್ಮ ಸೇನೆ ಎಷ್ಟು ತಡೆಯಿತು, ಎಲ್ಲಿ ಸೋತಿತು ಎಂದು ಹೇಗ್‌ನ ನ್ಯಾಯಾಧೀಶರಂತೆ ಕೂತು ಲೆಕ್ಕ ಹಾಕಿದವರು ನಮ್ಮಲ್ಲಿಲ್ಲ.

ಪೂರ್ವ ಬಂಗಾಳದಿಂದ ಬಂದ ನಿರಾಶ್ರಿತರಿಗೆ ರಾಯಚೂರು ಜಿಲ್ಲೆಯ ಸಿಂಧನೂರಿನಲ್ಲೂ ನೆಲೆ ಸಿಕ್ಕಿತು; ಅವರ ಕ್ಯಾಂಪ್‌ಗಳು ಇಂದಿಗೂ ಅಲ್ಲಿವೆ. ಅದೇ ಭಾರತಕ್ಕೆ ಮ್ಯಾನ್ಮಾರಿನಿಂದ ಓಡಿಬಂದ ರೋಹಿಂಗ್ಯಾಗಳು ‘ಅಕ್ರಮ ವಲಸಿಗರು’. ಅವರ ಪರವಾಗಿ 2019ರಲ್ಲಿ ಹೇಗ್‌ಗೆ ಬಂದು ಮ್ಯಾನ್ಮಾರಿನ ವಿರುದ್ಧ ಮೊಕದ್ದಮೆ ಹೂಡಿದ್ದು ದೂರದ ಪುಟ್ಟ ಗಾಂಬಿಯಾ. 2021ರಲ್ಲಿ ಜಮ್ಮುವಿನಲ್ಲಿ ಹಿಡಿದಿಟ್ಟವರನ್ನು ನಿಯಮಾನುಸಾರ ಗಡೀಪಾರು ಮಾಡಲು ನಮ್ಮ ಸುಪ್ರೀಂ ಕೋರ್ಟ್ ಅಡ್ಡಿಪಡಿಸಲಿಲ್ಲ. 1971ರ ಹೆಸರು ಹೇಳಿ ಮೀಸೆ ತಿರುವುವವರು ಇದಕ್ಕೆ ಏನೆನ್ನುತ್ತಾರೆ?