ಕೆಸುವಿನ ಸೊಪ್ಪಿಗೆ ಹುಳಿ ಯಾಕೆ ಬೇಕು

ಮೊನ್ನೆ ರಾತ್ರಿ ಬೆಂಗಳೂರಿನಿಂದ ಅಣ್ಣನ ಮಗಳು ಫೋನ್ ಮಾಡಿದ್ದಳು. "ಅತ್ತೆ, ಗಂಟಲೆಲ್ಲ ತುರಿಸ್ತಿದೆ, ನಾಲಿಗೆಗೆ ಸೂಜಿ ಚುಚ್ಚಿದ ಹಾಗಾಗ್ತಿದೆ" ಅಂದಳು. ಊರಿಂದ ಹೊರಡುವಾಗ ನಾನೇ ಹಿತ್ತಲಿನ ಕೆಸು ಕೊಯ್ದು ಪೇಪರಲ್ಲಿ ಸುತ್ತಿ ಕೊಟ್ಟಿದ್ದೆ. ಹೇಗೆ ಮಾಡಿದೆ ಅಂತ ಕೇಳಿದರೆ, ಪಾಲಕ್ ಥರ ಐದು ನಿಮಿಷ ಬಾಡಿಸಿ ಮಿಕ್ಸಿಗೆ ಹಾಕಿದಳಂತೆ. "ಜಾಸ್ತಿ ಬೇಯಿಸಿದರೆ ವಿಟಮಿನ್ ಹೋಗುತ್ತೆ ಅಂತಾರಲ್ಲ ಅತ್ತೆ?"

ಹುಳಿ ಹಾಕಿದ್ಯಾ ಅಂದೆ. ಇಲ್ಲ ಅಂದಳು.

ಅವಳ ತಪ್ಪು ಅಂತ ನನಗೆ ಅನ್ನಿಸಲೇ ಇಲ್ಲ. ನಾನು ಸೊಪ್ಪು ಕೊಟ್ಟೆ, ಮಾಡೋ ಕ್ರಮ ಹೇಳಿಕೊಡಲಿಲ್ಲ. ಈಗ ಎಲ್ಲಾ ಕಡೆ ಆಗ್ತಿರೋದು ಇದೇ. ಯಾವ ಸೊಪ್ಪಲ್ಲಿ ಎಷ್ಟು ಕಬ್ಬಿಣ, ಯಾವ ಕಾಯಿ ಯಾವ ಕಾಯಿಲೆಗೆ ಅಂತ ದಿನಾ ಮೆಸೇಜ್ ಬರುತ್ತೆ. ಮಾಡೋದು ಹೇಗೆ ಅಂತ ಯಾರೂ ಹೇಳಲ್ಲ.

ಕೆಸುವಿನ ಎಲೆಯಲ್ಲಿ ಕ್ಯಾಲ್ಸಿಯಂ ಆಕ್ಸಲೇಟ್ ಅಂತ ಒಂದು ಪದಾರ್ಥ ಇರುತ್ತೆ. ಸಣ್ಣ ಸೂಜಿಯಂಥ ಹರಳುಗಳು, ಕಣ್ಣಿಗೆ ಕಾಣುವುದಿಲ್ಲ. ಅವೇ ಗಂಟಲಿಗೆ ಚುಚ್ಚುವುದು. ನಮ್ಮ ಮಲೆನಾಡಿನ ಸಾಗರದ ಕಡೆ ಕರಕಲಿ (ಕೆಸುವಿನ ಸೊಪ್ಪಿನ ಗಟ್ಟಿ ಗೊಜ್ಜು) ಮಾಡುವವರು ಆ ಹೆಸರು ಕೇಳಿರಲಿಕ್ಕಿಲ್ಲ, ಆದರೆ ಉಪಾಯ ಗೊತ್ತಿತ್ತು: ಹುಳಿ ಹಾಕಿ ತುಂಬಾ ಹೊತ್ತು ಬೇಯಿಸಿದರೆ ತುರಿಕೆ ಇಳಿಯುತ್ತೆ. ಅಮ್ಮ ಮೊದಲು ಕೈಗೆ ಕೊಬ್ಬರಿ ಎಣ್ಣೆ ಸವರಿಕೊಳ್ಳುತ್ತಿದ್ದಳು, ಇಲ್ಲದಿದ್ದರೆ ಹೆಚ್ಚುವಾಗಲೇ ಬೆರಳು ತುರಿಸುತ್ತೆ. ದಂಟಿನ ನಾರು ಎಳೆದು ತೆಗೆದು, ಎಲೆ ಸುರುಳಿ ಸುತ್ತಿ, ಕೂದಲೆಳೆಯಷ್ಟು ಸಣ್ಣಗೆ ಹೆಚ್ಚೋದು. ಪಾತ್ರೆ ತುಂಬಾ ಸೊಪ್ಪು, ಸ್ವಲ್ಪ ನೀರು, ಒಂದು ಹಿಡಿ ಒಣಗಿಸಿದ ವಾಟೆಹುಳಿ, ಹಸಿಮೆಣಸು, ಉಪ್ಪು. ಒಲೆ ಮೇಲೆ ಒಂದು ಗಂಟೆಗೆ ಕಡಿಮೆ ಇಲ್ಲ. ನಡುನಡುವೆ ಸೌಟಿನ ಹಿಂಬದಿಯಿಂದ ಮಸೆಯುತ್ತಿರಬೇಕು. ಪಾತ್ರೆ ತುಂಬಾ ಇದ್ದದ್ದು ಕೊನೆಗೆ ಒಂದು ಬಟ್ಟಲು ಆಗುತ್ತೆ, ಬಣ್ಣ ಕಪ್ಪು ಹಸಿರಿಗೆ ತಿರುಗುತ್ತೆ. ಆಮೇಲೆ ಕೈ ಬಿಟ್ಟು ಎಣ್ಣೆ ಹಾಕಿ, ಇಡೀ ಬೆಳ್ಳುಳ್ಳಿ ಗೆಡ್ಡೆ ಜಜ್ಜಿ ಒಗ್ಗರಣೆ. ಬಿಸಿ ಅನ್ನಕ್ಕೆ ಇದೊಂದಿದ್ದರೆ ಬೇರೇನೂ ಬೇಡ.

ಹೌದು, ಇಷ್ಟು ಬೇಯಿಸಿದರೆ ವಿಟಮಿನ್ ಸಿ ಹೋಗುತ್ತೆ. ಅದು ಬಿಸಿಗೂ ನಿಲ್ಲುವುದಿಲ್ಲ, ಬಸಿದ ನೀರಿನ ಜೊತೆಗೂ ಹೋಗುತ್ತೆ. ಆದರೆ ಸುಣ್ಣದಂಶ, ಕಬ್ಬಿಣ, ನಾರು ಎಲ್ಲಿಗೂ ಹೋಗುವುದಿಲ್ಲ. ಸೊಪ್ಪಿನ ಕ್ಯಾರೊಟೀನ್ ಮೈಗೆ ಹತ್ತಬೇಕು ಅಂದರೆ ಜಿಡ್ಡು ಬೇಕೇ ಬೇಕು, ಅದಕ್ಕೆ ಒಗ್ಗರಣೆ ಎಣ್ಣೆ ಇದೆ. ಹೋದ ವಿಟಮಿನ್ ಸಿ ಊಟದ ಇನ್ನೊಂದು ಪದಾರ್ಥದಿಂದ ಬರುತ್ತೆ. ಊಟದ ಬಾಳೆಎಲೆಯಲ್ಲಿ ಕರಕಲಿ ಜೊತೆಗೇ ಒಂದೆಲಗದ ತಂಬುಳಿ ಇರುತ್ತಿತ್ತಲ್ವಾ? ಜೀರಿಗೆ, ಕಾಳುಮೆಣಸು ತುಪ್ಪದಲ್ಲಿ ಹುರಿದು, ಕಾಯಿತುರಿ, ಹಸಿ ಎಲೆ ಸೇರಿಸಿ ರುಬ್ಬಿ, ಮಜ್ಜಿಗೆಗೆ ಬೆರೆಸಿದರೆ ಮುಗೀತು, ಒಲೆಗೆ ಇಡುವ ಹಾಗಿಲ್ಲ. (ಒಂದೆಲಗ ತೋಡಿನ ಪಕ್ಕ ಬೆಳೆಯುತ್ತೆ, ಮಳೆಗಾಲದಲ್ಲಿ ಉಪ್ಪುನೀರಲ್ಲಿ ನಾಲ್ಕು ಸಲ ತೊಳೆಯಿರಿ. ಇಂಬಳ, ಅಂದರೆ ಜಿಗಣೆ, ಇದೆಯಾ ಅಂತಲೂ ನೋಡಿ.) ಕೆಂಪು ಹರಿವೆ ಪಲ್ಯಕ್ಕೆ ಒಲೆ ಆರಿಸಿದ ಮೇಲೆ ನಿಂಬೆಹಣ್ಣು ಹಿಂಡುವುದೂ ಬರೀ ರುಚಿಗಲ್ಲ. ಸೊಪ್ಪಿನ ಕಬ್ಬಿಣವನ್ನು ಮೈ ಹೀರಿಕೊಳ್ಳಲು ಆ ಹುಳಿ ಸಹಾಯ ಮಾಡುತ್ತೆ. ಊಟ ಆದ ಕೂಡಲೇ ಟೀ ಕುಡಿದರೆ ಆ ಲಾಭ ತುಂಬಾ ಕಡಿಮೆಯಾಗುತ್ತೆ. ಈ ಮಳೆಯಲ್ಲಿ ಟೀ ಬಿಡಿ ಅಂತ ಹೇಳಲಾರೆ, ಒಂದು ಗಂಟೆ ತಡೆದು ಕುಡಿಯಿರಿ.

ಕಳಲೆಯದು, ಅಂದರೆ ಎಳೆ ಬಿದಿರಿನ ಮೊಳಕೆಯದು, ಇನ್ನೂ ಸೂಕ್ಷ್ಮ. ಹಸಿ ಕಳಲೆಯಲ್ಲಿ ಸಯನೈಡ್ ಬಿಡುಗಡೆ ಮಾಡುವ ಅಂಶ ಇರುತ್ತೆ, ಕಹಿ ಬರುವುದು ಅದರಿಂದಲೇ. ತೆಳ್ಳಗೆ ಹೆಚ್ಚಿ ಎರಡು ಮೂರು ದಿನ ನೀರಲ್ಲಿ ನೆನೆಹಾಕಿ, ದಿನಾ ನೀರು ಬದಲಿಸಿ, ಆಮೇಲೆ ಚೆನ್ನಾಗಿ ಬೇಯಿಸಿ ಆ ನೀರನ್ನೂ ಚೆಲ್ಲಬೇಕು. ಯಾರೋ ಅರ್ಜೆಂಟಲ್ಲಿ ಅದೇ ದಿನ ಸಾರು ಮಾಡುವ ವಿಡಿಯೋ ಹಾಕಿದ್ದರು. ದಯವಿಟ್ಟು ಬೇಡ.

ನನಗೆ ತುಂಬಾ ಸಂಕಟ ಆಗೋದು ಜ್ಯೂಸಿನ ವಿಷಯಕ್ಕೆ. ನೆಂಟರೊಬ್ಬರು ದಿನಾ ಖಾಲಿ ಹೊಟ್ಟೆಗೆ ಸೋರೆಕಾಯಿ ಜ್ಯೂಸ್ ಕುಡಿಯುತ್ತಿದ್ದರು. ಒಂದು ದಿನ ಕಹಿ ಇದ್ದರೂ ಔಷಧಿ ಅಂದುಕೊಂಡು ಕುಡಿದರು. ವಾಂತಿ ಭೇದಿಯಾಗಿ ಎರಡು ದಿನ ಆಸ್ಪತ್ರೆಯಲ್ಲಿ ಮಲಗಿದರು. ಸೋರೆ, ಸೌತೆ ಜಾತಿಯ ಕಾಯಿ ಕಹಿಯಾದರೆ ಅದರಲ್ಲಿ ಕುಕುರ್ಬಿಟಾಸಿನ್ ಅನ್ನುವ ವಿಷ ಜಾಸ್ತಿ ಆಗಿದೆ ಅಂತ ಅರ್ಥ. ಬೇಯಿಸಿದರೂ ಅದು ಹೋಗುವುದಿಲ್ಲ. ಕಹಿ ಸೋರೆಕಾಯಿ ರಸ ಕುಡಿದು ಸತ್ತವರೂ ನಮ್ಮ ದೇಶದಲ್ಲಿದ್ದಾರೆ. ಮೊದಲೆಲ್ಲ ಸೌತೆಕಾಯಿ ಹೆಚ್ಚುವಾಗ ತುದಿ ಕತ್ತರಿಸಿ ನಾಲಿಗೆಗೆ ಮುಟ್ಟಿಸಿ ನೋಡುತ್ತಿದ್ದೆವು, ನೆನಪಿದೆಯಾ? ಕಹಿ ಅಂದರೆ ಸೀದಾ ಗೊಬ್ಬರಗುಂಡಿಗೆ. ಮಿಕ್ಸಿಗೆ ಹಾಕುವ ಮುಂಚೆಯೂ ಅಷ್ಟು ಮಾಡಿ ಸಾಕು.

ಇನ್ನೊಂದು ಮಾತು. ಕಿಡ್ನಿ ಕಲ್ಲು ಇರುವವರು ಕೆಸು, ಹರಿವೆ, ಬಸಳೆ ಹಿತಮಿತವಾಗಿ ತಿನ್ನಿ, ಡಾಕ್ಟರ ಹತ್ತಿರ ಕೇಳಿ. ಊಟದಲ್ಲಿ ಮೊಸರು ಮಜ್ಜಿಗೆ ಇರಲಿ, ಅದರ ಸುಣ್ಣದಂಶ ಆಕ್ಸಲೇಟನ್ನು ಹೊಟ್ಟೆಯಲ್ಲೇ ಹಿಡಿದುಕೊಳ್ಳುತ್ತೆ.

ದಿನಕ್ಕೆ ಕನಿಷ್ಠ 400 ಗ್ರಾಂ ಹಣ್ಣು ತರಕಾರಿ ತಿನ್ನಿ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತೆ. ಆಷಾಢ ಶ್ರಾವಣದಲ್ಲಿ ಪೇಟೆಯಿಂದ ಹೂಕೋಸು, ಟೊಮೆಟೊ ತಂದೇ ಅಷ್ಟು ತೂಕ ಮಾಡುತ್ತೇವೆ ಅಂದರೆ ದುಡ್ಡೂ ಸಾಲದು. ಆಗುಂಬೆ ಕಡೆ ವರ್ಷಕ್ಕೆ 7,000 ಮಿಲಿಮೀಟರ್ ದಾಟಿ ಮಳೆ ಸುರಿಯುತ್ತೆ. ನಮ್ಮಲ್ಲಿ ಅಷ್ಟಿಲ್ಲ, ಆದರೂ ಟೊಮೆಟೊ ಗಿಡ ಬುಡದಲ್ಲೇ ಕೊಳೆಯುತ್ತೆ. ಕೆಸುವಿಗೆ, ಬಸಳೆಗೆ, ಹೀರೆ ಬಳ್ಳಿಗೆ ಮಾತ್ರ ಇದೇ ಸುಗ್ಗಿ. ಮರದ ಕೊಂಬೆಯ ಪಾಚಿಯಲ್ಲಿ ಮರಗೆಸು ತಾನಾಗೇ ಎದ್ದು ನಿಲ್ಲುತ್ತೆ, ಪತ್ರೊಡೆಗೆ ಅದರಂಥ ಎಲೆ ಬೇರೆ ಇಲ್ಲ. ನಮ್ಮ ಬೀದಿಯಲ್ಲೇ ನಾಲ್ಕು ಮನೆಯ ಹಿತ್ತಲಲ್ಲಿ ಕೆಸು ಸುಮ್ನೆ ಬೆಳೆದು ಹಣ್ಣಾಗಿ ಬೀಳ್ತಿದೆ.

ಅಣ್ಣನ ಮಗಳ ಗಂಟಲು ಮಾರನೆ ದಿನಕ್ಕೆ ಸರಿಯಾಯಿತು. "ಇನ್ನೊಂದು ಸಲ ಕಳಿಸಿ ಅತ್ತೆ, ಸರಿಯಾಗಿ ಮಾಡ್ತೀನಿ" ಅಂದಿದ್ದಾಳೆ. ಅವಳಿಗೆ ಬರೆದು ಕಳಿಸಬೇಕು. ನಿಮ್ಮ ಮನೆಯಲ್ಲಿ ಕೆಸುವಿಗೆ ಯಾವ ಹುಳಿ ಹಾಕುತ್ತೀರಿ, ವಾಟೆಯೋ, ಹುಣಸೆಯೋ, ಅಪ್ಪೆ ಮಾವಿನಕಾಯಿಯೋ? ಎಷ್ಟು ಎಲೆಗೆ ಎಷ್ಟು? ಎಷ್ಟು ಹೊತ್ತು ಬೇಯಿಸುತ್ತೀರಿ? ಅಂದಾಜಲ್ಲ, ಅಳತೆ ಸಮೇತ ಬರೆಯಿರಿ. ತೀರ್ಥಹಳ್ಳಿ, ಹೊಸನಗರದವರ ಕ್ರಮ ಬೇರೆ ಇದ್ದರೆ ಅದೂ ಬೇಕು.